ಮಳೆ ಹಿಡಿಯುವ ಮುಂಚೆ ಮನೆ ಕಟ್ಟುವ ಸೈಟನ್ನು ಒಪ್ಪ ಮಾಡಿಕೊಳ್ಳುವುದು ಹೇಗೆ?

ಪ್ರಶ್ನೆ: ತೀರ್ಥಹಳ್ಳಿ ಹತ್ತಿರ ಇಳಿಜಾರು ಜಾಗದಲ್ಲಿ ಧರೆ (ಗುಡ್ಡದ ಮಣ್ಣಿನ ದಿಬ್ಬ) ಕಡಿಸಿ ಮನೆ ಕಟ್ಟಿಸುತ್ತಿದ್ದೇನೆ. ಜಂಬಿಟ್ಟಿಗೆ ಕಲ್ಲಿನ ಗೋಡೆ ಬಾಗಿಲು, ಕಿಟಕಿ ಮೇಲಿನ ಲಿಂಟಲ್ ದಾಟಿದೆ. ಮಳೆ ಶುರುವಾಗುವುದರೊಳಗೆ ಮೋಲ್ಡ್ (ಕಾಂಕ್ರೀಟ್ ತಾರಸಿ) ಹಾಕಿಸಬೇಕು. ಆದರೆ ಸೈಟಿನಲ್ಲಿ ಕಾಲಿಡಲು ಜಾಗವಿಲ್ಲ. ಹೋದ ವಾರ ಹೆಣ್ಣಾಳೊಬ್ಬರ ಚಪ್ಪಲಿ ದಾಟಿ ಮೊಳೆ ಚುಚ್ಚಿತು. ಮರುದಿನ ಇನ್ನೊಬ್ಬರು ಬಾಣಲಿ ಹೊತ್ತುಕೊಂಡೇ ಜಾರಿ ಬಿದ್ದರು. ಮೇಸ್ತ್ರಿಗೆ ಹೇಳಿದರೆ "ಮನೆ ಕಟ್ಟೋ ಜಾಗ ಹಿಂಗೇ ಇರೋದು ಸಾರ್" ಅಂತಾರೆ. ಮಾಲೀಕನಾಗಿ ನಾನೇನು ಮಾಡಬಹುದು? ಎಲ್ಲರಿಗೂ ಬೂಟು ಕೊಡಿಸಿದರೆ ಸಾಕಾಗುತ್ತದಾ?

ಉತ್ತರ: ನಿಮ್ಮ ಮೇಸ್ತ್ರಿ ಚದರದ ಲೆಕ್ಕದಲ್ಲಿ (ನೂರು ಚದರ ಅಡಿಗೆ ಇಷ್ಟು ಅಂತ) ಕೆಲಸ ಒಪ್ಪಿಕೊಂಡಿದ್ದಾರೆ ಅಂದುಕೊಳ್ಳುತ್ತೇನೆ. ನಮ್ಮ ಕಡೆ ಮನೆ ಕೆಲಸ ಜಾಸ್ತಿ ನಡೆಯುವುದೇ ಹಾಗೆ. ಗೋಡೆ ಎದ್ದರೆ ದುಡ್ಡು, ಮೋಲ್ಡ್ ಬಿದ್ದರೆ ದುಡ್ಡು. ಹಲಗೆಯ ಮೊಳೆ ಕಿತ್ತರೆ ಯಾರೂ ದುಡ್ಡು ಕೊಡುವುದಿಲ್ಲ. ಇಬ್ಬರು ಆಳುಗಳನ್ನು ಅರ್ಧ ಗಂಟೆ ಕಸ ಎತ್ತಲು ಬಿಟ್ಟರೆ ಅಷ್ಟು ಕೂಲಿ ಅವರ ಕೈಯಿಂದಲೇ ಹೋಗುತ್ತದೆ. ಹೀಗಿದ್ದಾಗ "ಹಿಂಗೇ ಇರೋದು" ಅನ್ನದೆ ಅವರು ಇನ್ನೇನು ಹೇಳಿಯಾರು? ಸೋಮಾರಿತನಕ್ಕಿಂತ ಇದು ಲೆಕ್ಕದ ಸಮಸ್ಯೆ. ಬೈದರೆ ಸರಿಹೋಗುವುದಿಲ್ಲ.

ಹಾಗಾಗಿ ಮೊದಲ ಕೆಲಸ ಮಾತುಕತೆ. ದಿನಾ ಸಂಜೆ ಕೊನೆಯ ಅರ್ಧ ಗಂಟೆ ಇಬ್ಬರು ಬೇರೆ ಯಾವ ಕೆಲಸವನ್ನೂ ಮುಟ್ಟದೆ ಸೈಟು ಒಪ್ಪ ಮಾಡಬೇಕು, ಆ ಹೊತ್ತಿನ ಕೂಲಿ ನಿಮ್ಮದು ಎಂದು ಮೇಸ್ತ್ರಿಗೆ ಹೇಳಿ. ವಾರದ ಬಟವಾಡೆಯಲ್ಲಿ ಅದನ್ನು ಬೇರೆ ಸಾಲಾಗಿ ಬರೆದು ಕೊಡಿ. ಗುತ್ತಿಗೆ ದರದೊಳಗೆ ಅದನ್ನೂ ಸೇರಿಸಿಬಿಟ್ಟರೆ ಎರಡೇ ವಾರದಲ್ಲಿ ಕರಗಿಹೋಗುತ್ತದೆ. ಯಾರು ಮಾಡುತ್ತಾರೆ ಅನ್ನುವುದನ್ನೂ ಹೆಸರು ಹಿಡಿದು ಗೊತ್ತು ಮಾಡಿ. "ಎಲ್ಲರೂ ಸ್ವಲ್ಪ ಎತ್ತಿಡಿ" ಅಂದರೆ ಯಾರೂ ಎತ್ತಿಡುವುದಿಲ್ಲ, ಅಲ್ವಾ?

ಈ ಖರ್ಚು ಪೂರ್ತಿ ಖರ್ಚಲ್ಲ. ಮಣ್ಣಲ್ಲಿ ತುಳಿದುಹೋಗುವ ಜಲ್ಲಿ, ಮಳೆಗೆ ಗಟ್ಟಿಯಾಗುವ ಸಿಮೆಂಟ್, ಹುಡುಕಿ ಸಿಗದೆ ಮತ್ತೆ ತರಿಸುವ ಬೈಂಡಿಂಗ್ ವೈರ್, ಕಡಿದು ಬಿಸಾಕಿದ ಕಬ್ಬಿಣದ ತುಂಡು ಎಲ್ಲವೂ ನಿಮ್ಮ ದುಡ್ಡೇ. ಲೇಬರ್ ಮಾತ್ರ ಗುತ್ತಿಗೆಗೆ ಕೊಟ್ಟವರಿಗೆ ಇದು ಬೇಗ ಗೊತ್ತಾಗುತ್ತದೆ.

ಎರಡನೆಯದು ದಾರಿ. ಒಪ್ಪ ಮಾಡುವುದು ಅಂದರೆ ಪೊರಕೆ ಹಿಡಿಯುವುದು ಅಂತ ತುಂಬಾ ಜನ ತಿಳಿದಿದ್ದಾರೆ. ಜನ ಎಲ್ಲಿ ನಡೆಯಬೇಕು ಅನ್ನುವುದನ್ನು ಮೊದಲು ಗುರುತು ಮಾಡಿ, ಸಾಮಾನು ಎಲ್ಲಿ ಇಳಿಯಬೇಕು ಅನ್ನುವುದು ಆಮೇಲೆ. ನಮ್ಮಲ್ಲಿ ಇದು ತಿರುಗಾಮುರುಗಾ. ಲಾರಿ ಡ್ರೈವರ್‌ಗೆ ಎಲ್ಲಿ ಅನುಕೂಲವೋ ಅಲ್ಲಿ ಎಂ ಸ್ಯಾಂಡ್ ಸುರಿದು ಹೋಗುತ್ತಾನೆ. ಉಳಿದ ಸಂದಿಯಲ್ಲಿ ಆಳುಗಳು ದಾರಿ ಹುಡುಕಿಕೊಳ್ಳುತ್ತಾರೆ. ಬಾಣಲಿ ಹೊತ್ತವರಿಗೆ ಕಾಲಡಿ ಕಾಣುವುದಿಲ್ಲ. ನಿಮ್ಮ ಸೈಟಿನಲ್ಲಿ ಜಾರಿ ಬಿದ್ದವರು ಅಜಾಗರೂಕರು ಅಂತ ನಾನಂತೂ ಹೇಳಲಾರೆ.

ಕಾಂಕ್ರೀಟ್ ಕಲೆಸುವ ಮಿಲ್ಲರ್ ನಿಲ್ಲುವ ಜಾಗದಿಂದ ಗೋಡೆಯವರೆಗೆ, ಅಲ್ಲಿಂದ ನೀರಿನ ಡ್ರಮ್‌ವರೆಗೆ, ರಸ್ತೆಯವರೆಗೆ ಕನಿಷ್ಠ 3 ಅಡಿ ಅಗಲದ ದಾರಿ ಸುಣ್ಣದ ಪುಡಿಯಲ್ಲಿ ಎಳೆದುಬಿಡಿ. ಎದುರುಬದುರು ಬಾಣಲಿ ಹೊತ್ತು ಓಡಾಡುವ ಕಡೆ ಅದರ ಎರಡರಷ್ಟು ಬೇಕು. ಮೇಲೆ ಜಲ್ಲಿ ಪುಡಿ ಹರಡಿ ಧಮಾಸು ಮಾಡಿಸಿ. ಇಳಿಜಾರಿನಲ್ಲಿ ಮೆಟ್ಟಿಲು ಕಡಿಸಿ. ಆ ಗೆರೆಯೊಳಗೆ ಒಂದು ಸಲಿಕೆಯೂ ಮಲಗಬಾರದು. ಸಾಮಾನು ಬರುವ ದಿನ ನೀವೋ ಮನೆಯವರೋ ಅಲ್ಲಿದ್ದು ಇಂಥಲ್ಲೇ ಇಳಿಸಿ ಅಂತ ಕೈ ತೋರಿಸಿ. ಒಮ್ಮೆ ಸುರಿದ ಮೇಲೆ ಯಾರೂ ಸರಿಸುವುದಿಲ್ಲ.

ಅಡಿಕೆ ದಬ್ಬೆಯ (ಅಡಿಕೆ ಮರ ಸೀಳಿದ ಪಟ್ಟಿ) ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಮಲೆನಾಡಿನಲ್ಲಿ ಎತ್ತರದಲ್ಲಿ ನಿಂತು ಕೆಲಸ ಮಾಡುವ ಸಾರುವೆಗೂ ಅದೇ, ಓಡಾಡುವ ಹಲಗೆಗೂ ಅದೇ. ಬೇಸಿಗೆಯಲ್ಲಿ ಏನೂ ತೊಂದರೆಯಿಲ್ಲ. ಮಳೆ ಹಿಡಿದು ಕೆಲವೇ ದಿನಕ್ಕೆ ಹೊರಮೈ ಮೇಲೆ ತೆಳ್ಳಗೆ ಪಾಚಿ ಕಟ್ಟುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಕಾಲಿಗೆ ಗೊತ್ತಾಗುತ್ತದೆ. ಅಷ್ಟೊತ್ತಿಗೆ ಬಿದ್ದಾಗಿರುತ್ತದೆ. ದಬ್ಬೆ ಹಾಕಲೇಬೇಕೆಂದರೆ ಅಡಿಗೊಂದರಂತೆ ಅಡ್ಡಪಟ್ಟಿ ಹೊಡೆಸಿ, ಎರಡೂ ತುದಿ ಕಟ್ಟಿಸಿ, ವಾರಕ್ಕೊಮ್ಮೆ ಕತ್ತಿಯಲ್ಲಿ ಹೆರೆಸಿ. ಹಳೆಯ ದಬ್ಬೆಯ ಒಳಗಿನ ತಿರುಳು ಕೊಳೆತು ಬರೀ ಸಿಪ್ಪೆ ಉಳಿದಿರುತ್ತದೆ. ಹಾರೆಯ ತುದಿಯಲ್ಲಿ ಒತ್ತಿ ನೋಡಿ, ಒಳಗಿಳಿದರೆ ಒಲೆಗೆ ಹಾಕಿ. ಎರಡಾಳೆತ್ತರದಲ್ಲಿ ನಿಲ್ಲುವ ಸಾರುವೆಗೆ ನನ್ನ ಮಟ್ಟಿಗೆ ದಬ್ಬೆಯೇ ಬೇಡ. ಶಿವಮೊಗ್ಗದಿಂದ ಬಾಡಿಗೆಗೆ ಕಬ್ಬಿಣದ ಸಾರುವೆ, ಹಲಗೆ ತರಿಸಿ. ಏಣಿಯನ್ನು ನಾಲ್ಕಡಿ ಎತ್ತರಕ್ಕೆ ಒಂದಡಿ ಹೊರಗೆ ಅನ್ನುವ ಲೆಕ್ಕದಲ್ಲಿ ವಾಲಿಸಿ, ಮೇಲೆ ಹತ್ತಿ ಇಳಿಯುವ ಮಟ್ಟಕ್ಕಿಂತ ಮೂರಡಿ ಎತ್ತರ ಇರಲಿ, ಏಣಿಯ ಮೇಲ್ತುದಿ ಕಟ್ಟಿರಲಿ.

ಈಗ ಮೊಳೆ. ಲಿಂಟಲ್ ಸೆಂಟ್ರಿಂಗ್ (ಕಾಂಕ್ರೀಟ್ ಗಟ್ಟಿಯಾಗುವವರೆಗೆ ಹಿಡಿದಿಡುವ ಹಲಗೆಯ ಅಚ್ಚು) ಬಿಚ್ಚಿದ ಹಲಗೆಯಿಂದಲೇ ಅದು ಚುಚ್ಚಿರಬೇಕು. ಬಿಚ್ಚುವ ಹೊತ್ತಿನಲ್ಲಿ ನಿಂತು ನೋಡಿ. ಮೇಲಿನವರು ಹಾರೆ ಹಾಕಿ ಮೀಟುತ್ತಾರೆ, ಹಲಗೆ ಕಿರ್ರೆಂದು ಬಿಟ್ಟು ಕೆಳಗೆ ಬೀಳುತ್ತದೆ. ಬಿದ್ದ ಹಲಗೆಯ ಮೊಳೆಯ ಮೊನೆ ಆಕಾಶದ ಕಡೆ. ಅದರ ಮೇಲೆ ಇನ್ನೊಂದು ಹಲಗೆ, ಅದರ ಮೇಲೆ ಗಾರೆ ಚೂರು. ಸಂಜೆಯ ಹೊತ್ತಿಗೆ ಮೊಳೆ ಎಲ್ಲಿದೆ ಅಂತ ಯಾರಿಗೂ ಗೊತ್ತಿರುವುದಿಲ್ಲ. ಮರುದಿನ ಬೆಳಿಗ್ಗೆ ಬಂದ ಹೆಣ್ಣಾಳಿಗೆ ಗೊತ್ತಾಗುತ್ತದೆ.

ಇದನ್ನು ಸಂಜೆಯ ಅರ್ಧ ಗಂಟೆಗೆ ಬಿಡಬೇಡಿ. ಬಿಚ್ಚಿದ ಕ್ಷಣಕ್ಕೇ ಆಗಬೇಕಾದ ಕೆಲಸ ಇದು. ಒಬ್ಬರು ಬಿಚ್ಚಲಿ, ಇನ್ನೊಬ್ಬರು ಕೆಳಗೆ ಪಕ್ಕದಲ್ಲಿ ಕೂತು ಮೊಳೆ ಕೀಳಲಿ, ಬರದಿದ್ದರೆ ಸುತ್ತಿಗೆಯಲ್ಲಿ ಹೊಡೆದು ಮಲಗಿಸಲಿ. ಮೊಳೆ ಹೋದ ಹಲಗೆ ಮಾತ್ರ ರಾಶಿಗೆ ಹೋಗಬೇಕು. ಕಿತ್ತ ಮೊಳೆಗೆ ಒಂದು ಪೇಂಟ್ ಡಬ್ಬ ಇಡಿ. ಬಿಚ್ಚುತ್ತಿರುವಾಗ ಕೆಳಗೆ ಬೇರೆ ಯಾರೂ ಸುಳಿಯದ ಹಾಗೆ ಹಗ್ಗ ಕಟ್ಟಿಸಿ.

ಬೂಟು ಕೊಡಿಸಿ, ಬೇಡ ಅನ್ನುವುದಿಲ್ಲ. ಆದರೆ ಯಾವ ಬೂಟು? ನಮ್ಮ ತೋಟಗಳಲ್ಲಿ ಹಾಕುವ ಗಂಬೂಟು ಕೆಸರು, ಉಂಬಳ (ಜಿಗಣೆ), ಹಸಿ ಸಿಮೆಂಟ್ ಮೂರನ್ನೂ ತಡೆಯುತ್ತದೆ, ಮೊಳೆಯನ್ನು ತಡೆಯುವುದಿಲ್ಲ. ಅದಕ್ಕೆ ಅಟ್ಟೆಯೊಳಗೆ ಉಕ್ಕಿನ ತಗಡು ಇರುವ ಸೇಫ್ಟಿ ಬೂಟೇ ಬೇಕು. ಸೆಂಟ್ರಿಂಗ್ ಕೆಲಸದವರಿಗೆ ಅದು, ಕಾಂಕ್ರೀಟ್ ತುಳಿಯುವವರಿಗೆ ಗಂಬೂಟು ಅಂತ ವಿಂಗಡಿಸಿದರೆ ದುಡ್ಡೂ ಉಳಿಯುತ್ತದೆ. ಹೆಣ್ಣಾಳುಗಳ ಪಾದದ ಅಳತೆ ಕೇಳಿ ತನ್ನಿ. ದೊಡ್ಡ ಬೂಟು ಕೊಟ್ಟರೆ ಮಧ್ಯಾಹ್ನದೊಳಗೆ ಬಿಚ್ಚಿಟ್ಟು ಹವಾಯಿ ಚಪ್ಪಲಿಗೆ ಮರಳುತ್ತಾರೆ, ಅದು ಅವರ ತಪ್ಪಲ್ಲ. ತಲೆಗೆ ಐಎಸ್‌ಐ ಗುರುತಿನ ಹೆಲ್ಮೆಟ್. ಹೋದ ವಾರ ಮೊಳೆ ಚುಚ್ಚಿದವರಿಗೆ ಧನುರ್ವಾಯು ಇಂಜೆಕ್ಷನ್ ಆಗಿದೆಯಾ ಅಂತ ಇವತ್ತೇ ಕೇಳಿ. ಆಗಿಲ್ಲದಿದ್ದರೆ ತಡವಾಯಿತು ಅಂತ ಬಿಡಬೇಡಿ, ಡಾಕ್ಟರ್ ಹತ್ತಿರ ಕಳಿಸಿ. ಮೇಲೆ ಗಾಯ ಮುಚ್ಚಿದ ಹಾಗೆ ಕಂಡರೂ ಒಳಗೆ ಕೀವು ಕಟ್ಟುವುದುಂಟು.

ಸಾಮಾನು ಜೋಡಿಸುವುದಕ್ಕೆ ಕೆಲವು ಅಳತೆಗಳಿವೆ. ಸಿಮೆಂಟ್ ಚೀಲ 50 ಕಿಲೋ. ಹತ್ತು ಚೀಲಕ್ಕಿಂತ ಎತ್ತರ ಪೇರಿಸಬಾರದು, ಗೋಡೆಗೆ ತಾಗಿಸದೆ ಎರಡಡಿ ಬಿಡಬೇಕು, ನೆಲದಿಂದ ಅರ್ಧ ಅಡಿಯಾದರೂ ಎತ್ತರಕ್ಕೆ ಹಲಗೆ ಹಾಕಿರಬೇಕು. ಎಂಟು ಚೀಲ ದಾಟಿದರೆ ಒಂದು ಸಾಲು ಉದ್ದ, ಒಂದು ಸಾಲು ಅಡ್ಡ ಇಟ್ಟರೆ ವಾಲುವುದಿಲ್ಲ. ಮಳೆಗಾಲದಲ್ಲಿ ಒಂದೇ ಸಲ ತರಿಸಿ ಪೇರಿಸುವುದಕ್ಕಿಂತ ಬೇಕಾದಷ್ಟೇ ತರಿಸುವುದು ಒಳ್ಳೆಯದು. ಕಬ್ಬಿಣವನ್ನು 8, 10, 12, 16 ಎಂಎಂ ಅಂತ ಬೇರೆ ಬೇರೆ ಅಡ್ಡತುಂಡುಗಳ ಮೇಲಿಡಿ, ತುದಿಗಳು ದಾರಿಯ ಕಡೆ ಚಾಚದಿರಲಿ. ಕಂಬದಿಂದ ಮೇಲೆ ನಿಂತಿರುವ ಸರಳಿಗೆ ಖಾಲಿ ನೀರಿನ ಬಾಟಲಿ ಸಿಕ್ಕಿಸುವುದನ್ನು ನೋಡಿರುತ್ತೀರಿ. ಕಣ್ಣಿಗೆ ಕಾಣಲು ಅದು ಸಾಕು, ತರಚು ಗಾಯವೂ ತಪ್ಪುತ್ತದೆ. ಮೇಲಿಂದ ಬಿದ್ದವರನ್ನು ಅದು ಕಾಯುವುದಿಲ್ಲ. ಬೀಳುವ ಸಾಧ್ಯತೆ ಇರುವ ಕಡೆ ಸರಳುಗಳ ಮೇಲೆ ಗಟ್ಟಿ ಮರದ ತೊಟ್ಟಿ ಮಾಡಿ ಕವುಚಿ.

ಜಂಬಿಟ್ಟಿಗೆ ಸೊಂಟದ ಮಟ್ಟ ಸಾಕು. ಭಾರದ ಕಲ್ಲು, ಕೆಳಗಿನ ಮಣ್ಣು ಮಳೆಗೆ ಮೆತ್ತಗಾದರೆ ಇಡೀ ಸಾಲು ಒಂದೇ ಕಡೆ ವಾಲುತ್ತದೆ. ಕಲ್ಲಿನ ಸಂದಿ, ನೆಲಕ್ಕೆ ಹಾಸಿಟ್ಟ ಸೆಂಟ್ರಿಂಗ್ ಶೀಟಿನ ಅಡಿ, ಹಳೆಯ ಚೀಲದ ರಾಶಿ ಹಾವಿಗೂ ಚೇಳಿಗೂ ಬಹಳ ಇಷ್ಟ. ಕಸ ಇದ್ದಲ್ಲಿ ಇಲಿ, ಇಲಿ ಇದ್ದಲ್ಲಿ ಹಾವು. ಶೀಟುಗಳನ್ನು ಮಲಗಿಸದೆ ನಿಲ್ಲಿಸಿ ಒರಗಿಸಿಡಿ, ಜಾರದಂತೆ ಕಟ್ಟಿ. ಕಲ್ಲು ಎತ್ತುವ ಮುಂಚೆ ಹಾರೆಯಲ್ಲಿ ಬಡಿದು, ಆಮೇಲೆ ಕೈ ಹಾಕಲು ಹೇಳಿ. ಹಾವು ಕಚ್ಚಿದರೆ ಕೊಯ್ಯುವುದು, ಬಿಗಿಯಾಗಿ ಕಟ್ಟುವುದು ಯಾವುದೂ ಬೇಡ. ಕಚ್ಚಿಸಿಕೊಂಡವರನ್ನು ನಡೆಸದೆ, ಕಚ್ಚಿದ ಕೈಕಾಲು ಅಲುಗಾಡಿಸದೆ ತಾಲೂಕು ಆಸ್ಪತ್ರೆಗೋ ಶಿವಮೊಗ್ಗದ ಮೆಗ್ಗಾನ್‌ಗೋ ಸೇರಿಸಿ. 108 ಆಂಬುಲೆನ್ಸ್‌ಗೆ ನಿಮ್ಮ ಸೈಟಿನ ದಾರಿ ಹೇಗೆ ಹೇಳಬೇಕು ಅನ್ನುವುದನ್ನು ಈಗಲೇ ಒಂದು ರಟ್ಟಿನ ಮೇಲೆ ಬರೆದು ತೂಗುಹಾಕಿ. ಬೇರೆ ಊರಿನಿಂದ ಬಂದ ಕೆಲಸದವರಿಗೆ ನಿಮ್ಮ ಊರಿನ ಹೆಸರೇ ಸರಿಯಾಗಿ ಗೊತ್ತಿರುವುದಿಲ್ಲ.

ಇಷ್ಟೆಲ್ಲದಕ್ಕಿಂತ ನನಗೆ ಭಯ ಇರುವುದು ನಿಮ್ಮ ಧರೆಯ ಮೇಲೆ. ನೀವು ಅದನ್ನು ಒಂದೇ ಮಾತಲ್ಲಿ ಹೇಳಿ ಮುಂದೆ ಹೋಗಿದ್ದೀರಿ. ನಮ್ಮ ಕೆಂಪು ಮಣ್ಣು ಬೇಸಿಗೆಯಲ್ಲಿ ಗೋಡೆ ಹಾಗೆ ನೆಟ್ಟಗೆ ನಿಲ್ಲುತ್ತದೆ. ಹಾರೆಗೂ ಬಗ್ಗುವುದಿಲ್ಲ. ಅದನ್ನು ನೋಡಿ ಇದೇನೂ ಬೀಳಲ್ಲ ಬಿಡಿ ಅನ್ನಿಸುತ್ತದೆ. ಜೂನ್, ಜುಲೈನಲ್ಲಿ ಬಿಡದೆ ಹೊಯ್ಯುವಾಗ ಒಳಗೆ ನೀರು ಕುಡಿದು, ಭಾರವಾಗಿ, ಹಿಡಿತ ಬಿಟ್ಟು ಒಮ್ಮೆಲೇ ಕುಸಿಯುತ್ತದೆ. ಓಡಲು ಹೊತ್ತಿರುವುದಿಲ್ಲ. ತೀರ್ಥಹಳ್ಳಿಯಿಂದ ಆಗುಂಬೆ ಎಷ್ಟು ದೂರ ಅಂತ ನಿಮಗೆ ಹೇಳಬೇಕಾಗಿಲ್ಲ, ಮಳೆಯ ಬಗ್ಗೆಯೂ ಹೇಳಬೇಕಾಗಿಲ್ಲ.

ಒಪ್ಪ ಮಾಡುವ ಕೆಲಸಕ್ಕೂ ಇದಕ್ಕೂ ನೇರ ಸಂಬಂಧ ಇದೆ. ಅಗೆದ ಮಣ್ಣು, ಕಲ್ಲು, ಜಲ್ಲಿಯನ್ನು ಧರೆಯ ಮೇಲಿನ ಅಂಚಿನಲ್ಲಿ ರಾಶಿ ಹಾಕಿದ್ದರೆ ಮೊದಲು ಅದನ್ನು ತೆಗೆಸಿ. ಪಾಯ, ಗುಂಡಿ ತೋಡುವಾಗ ಮಣ್ಣನ್ನು ಅಂಚಿನಿಂದ ಕನಿಷ್ಠ 5 ಅಡಿ ಅಥವಾ ಆಳದ ಅರ್ಧದಷ್ಟು, ಯಾವುದು ಜಾಸ್ತಿಯೋ ಅಷ್ಟು ದೂರ ಹಾಕಬೇಕು ಅನ್ನುವ ಲೆಕ್ಕವಿದೆ. ಎತ್ತರದ ಧರೆಗೆ ಅಷ್ಟೂ ಸಾಲದು. ಲಾರಿ, ಜೆಸಿಬಿ ಮೇಲಿನ ಅಂಚಿಗೆ ಬರುವುದು ಬೇಡ. ಮೇಲಿನ ನೀರು ಧರೆ ಮೈಮೇಲೆ ಇಳಿಯದಂತೆ ಅಂಚಿನಿಂದ ಆಚೆ ಒಂದು ಕಣಿ ತೋಡಿಸಿ ಪಕ್ಕಕ್ಕೆ ತಿರುಗಿಸಿ. ಕೆಳಗೆ ಧರೆಗೂ ಮನೆ ಗೋಡೆಗೂ ನಡುವಿನ ಓಣಿ ಇರುತ್ತದಲ್ಲ, ಅಲ್ಲಿ ಸಿಮೆಂಟ್ ಶೆಡ್, ನೀರಿನ ಡ್ರಮ್, ಊಟಕ್ಕೆ ಕೂರುವ ಜಾಗ ಏನೂ ಇರಬಾರದು. ಬಿಸಿಲಿಗೆ ತಂಪಾಗಿರುತ್ತದೆ ಅಂತ ಜನ ಅಲ್ಲೇ ಸೇರುತ್ತಾರೆ. ಕೆಲಸದವರ ಬಿಡಾರ ಅಲ್ಲಿದ್ದರೆ ಮಳೆಗೆ ಮುಂಚೆ ಬೇರೆ ಕಡೆ ಹಾಕಿಸಿ. ದಿನಾ ಬೆಳಿಗ್ಗೆ ಕೆಲಸ ಶುರು ಮಾಡುವ ಮುಂಚೆ ಮೇಲೆ ಹತ್ತಿ ನೋಡಬೇಕು. ಅಂಚಿಗೆ ಸಮನಾಗಿ ಬಿರುಕು ಬಂದಿದೆಯಾ, ಮರ ವಾಲಿದೆಯಾ, ಬುಡದಲ್ಲಿ ಕೆಂಪು ನೀರು ಒಸರುತ್ತಿದೆಯಾ, ಸಣ್ಣ ಹೆಂಟೆ ಉದುರುತ್ತಿದೆಯಾ. ಇದರಲ್ಲಿ ಒಂದು ಕಂಡರೂ ಆ ಕಡೆ ಕೆಲಸ ನಿಲ್ಲಿಸಿ ಇಂಜಿನಿಯರ್‌ನ ಕರೆಸಿ. ತಡೆಗೋಡೆಯನ್ನು "ಮನೆ ಆದ ಮೇಲೆ ನೋಡೋಣ" ಅನ್ನುವವರು ಬಹಳ ಜನ. ಕ್ರಮ ತಲೆಕೆಳಗಾಗಿದೆ ಅಂತ ನನ್ನ ಅಭಿಪ್ರಾಯ.

ಕರೆಂಟು. ಮೆಸ್ಕಾಂನಿಂದ ತಾತ್ಕಾಲಿಕ ಸಂಪರ್ಕ ತೆಗೆದುಕೊಂಡಿದ್ದರೂ ಮೀಟರ್‌ನಿಂದ ಆಚೆಯದು ನಿಮ್ಮ ಜವಾಬ್ದಾರಿ. ಪ್ಲಗ್ ಇಲ್ಲದೆ ಬರೀ ವೈರನ್ನು ಸಾಕೆಟ್ಟಿಗೆ ತೂರಿಸಿ ಬೆಂಕಿಕಡ್ಡಿ ಸಿಕ್ಕಿಸುವುದು ಕಂಡರೆ ಅಲ್ಲೇ ಬಿಚ್ಚಿಸಿ. ಕರೆಂಟು ಸೋರಿದರೆ ತಾನೇ ಕಡಿಯುವ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಸ್ವಿಚ್ ಹಾಕಿಸಿ, ಅದರ ಟೆಸ್ಟ್ ಬಟನ್ ಆಗಾಗ ಒತ್ತಿ ನೋಡಿ. ವೈರು ಕೆಸರಲ್ಲಿ ಹರಿದಾಡಬಾರದು, ಗೂಟಗಳ ಮೇಲೆ ತಲೆಗಿಂತ ಎತ್ತರದಲ್ಲಿ ಹೋಗಲಿ.

ನಿಂತ ನೀರಿನ ಬಗ್ಗೆ ಯಾರೂ ಕೇಳುವುದಿಲ್ಲ, ನೀವೂ ಕೇಳಿಲ್ಲ. ಮೋಲ್ಡ್ ಮೇಲೆ ಕ್ಯೂರಿಂಗ್‌ಗೆ (ಕಾಂಕ್ರೀಟ್ ಹದವಾಗಿ ಗಟ್ಟಿಯಾಗಲು) ಕಟ್ಟುವ ನೀರು, ಡ್ರಮ್, ಮಳೆ ತುಂಬಿದ ಬಾಣಲಿ ಎಲ್ಲದರಲ್ಲೂ ಡೆಂಗ್ಯೂ ಸೊಳ್ಳೆ ಮೊಟ್ಟೆಯಿಡುತ್ತದೆ. ಅದು ಸೊಳ್ಳೆಯಾಗಿ ಹಾರಲು ಒಂದು ವಾರ, ಹತ್ತು ದಿನ ಸಾಕು. ಕ್ಯೂರಿಂಗ್ ಮಾತ್ರ ಬಿಡುವ ಹಾಗಿಲ್ಲ. ಒಪಿಸಿ (ಸಾಧಾರಣ) ಸಿಮೆಂಟಿಗೆ ಕನಿಷ್ಠ 7 ದಿನ, ಪಿಪಿಸಿಗೆ (ಹಾರುಬೂದಿ ಬೆರೆಸಿದ್ದು) 10 ದಿನ ಬೇಕು. ಹಾಗಾಗಿ ವಾರ ಆಗುವುದರೊಳಗೆ ಒಮ್ಮೆ ಕಟ್ಟೆ ಒಡೆದು ಪೂರ್ತಿ ನೀರು ಬಿಟ್ಟು, ಹೊಸದು ತುಂಬಿಸಿ. ಡ್ರಮ್ಮಿನ ಒಳಮೈ ಉಜ್ಜಿಸಿ. ಕೆಲಸ ಬಿಡುವಾಗ ಬಾಣಲಿ ಕವುಚಿಡಿ.

ಮೋಲ್ಡ್ ದಿನಕ್ಕೆ ಬರೋಣ. ಹಿಂದಿನ ಸಂಜೆ ಸೈಟು ಪೂರ್ತಿ ಖಾಲಿ ಮಾಡಿಸಿ. ಆವತ್ತು ಜನ ಜಾಸ್ತಿ, ಅವಸರ ಜಾಸ್ತಿ, ಸೈಟಿಗೆ ಹೊಸಬರೂ ಇರುತ್ತಾರೆ. ಕಟ್ಟಿದ ಕಬ್ಬಿಣದ ಮೇಲೆ ನಡೆಯಲು ಹಲಗೆ ಹಾಕಿಸಿ, ಸರಳಿನ ಮೇಲೆ ಕಾಲಿಟ್ಟು ಓಡಾಡಿದರೆ ಕಬ್ಬಿಣವೂ ತಗ್ಗುತ್ತದೆ, ಕಾಲೂ ಸಿಕ್ಕಿಕೊಳ್ಳುತ್ತದೆ. ಅಂಚಿಗೆ ಸೊಂಟದ ಎತ್ತರಕ್ಕೆ ತಡೆ ಕಟ್ಟಿಸಿ. ಕಣ್ಣಿಗೆ, ಕೈಗೆ ಸಿಮೆಂಟ್ ಹಾರಿದರೆ ತೊಳೆಯಲು ಶುದ್ಧ ನೀರು ಬೇರೆ ಇರಲಿ, ಹಸಿ ಸಿಮೆಂಟ್ ಚರ್ಮವನ್ನು ಸುಡುತ್ತದೆ. ಮೋಲ್ಡಿಗೆ ಆಸರೆ ಕೊಡುವ ಕೆಳಗಿನ ಜಾಕಿ, ಗಳುಗಳು ಮಣ್ಣಿನ ಮೇಲೆ ನಿಂತಿದ್ದರೆ ಅವುಗಳ ಬುಡಕ್ಕೆ ಅಗಲದ ಹಲಗೆ ತುಂಡು ಕೊಡಿ. ನೀರು ಹರಿದು ಮಣ್ಣು ಕುಸಿದರೆ ಗಳು ಸಡಿಲವಾಗುತ್ತದೆ.

ಮೋಲ್ಡ್ ಆದ ಮೇಲೆ ಅದರ ಕೆಳಗೆ ಗೋದಾಮು ಮಾಡಬೇಡಿ. ಮಳೆಗೆ ಆಸರೆ ಅಂತ ಎಲ್ಲ ಸಾಮಾನು ಅಲ್ಲಿ ತುರುಕುತ್ತಾರೆ, ರಾತ್ರಿ ಅಲ್ಲೇ ಮಲಗುತ್ತಾರೆ, ಅಡ್ಡ ಬಂದ ಒಂದೆರಡು ಜಾಕಿ ತೆಗೆದೂ ಬಿಡುತ್ತಾರೆ. ಗೋಡೆಯಿಂದ ಗೋಡೆಗೆ ನಾಲ್ಕೂವರೆ ಮೀಟರ್‌ವರೆಗಿನ ಅಂತರದ ಮೋಲ್ಡಿಗೆ ಆಸರೆ ಕನಿಷ್ಠ 7 ದಿನ, ಅದಕ್ಕಿಂತ ಜಾಸ್ತಿಗೆ 14 ದಿನ ಇರಬೇಕು. ತೊಲೆಗಳಿಗೆ 14 ರಿಂದ 21 ದಿನ. ಇದು ಒಪಿಸಿಗೆ ಹೇಳಿದ್ದು. ಪಿಪಿಸಿ ಹಾಕಿ, ಮಳೆಯ ತಂಪೂ ಸೇರಿದರೆ ಇನ್ನೂ ಕಾಯಬೇಕು. ಇಂಜಿನಿಯರ್ ಹೇಳುವವರೆಗೆ ಯಾರೂ ಮುಟ್ಟುವುದು ಬೇಡ.

ಸಂಪು ಕಟ್ಟಿಸುತ್ತಿದ್ದರೆ ಒಂದು ಎಚ್ಚರಿಕೆ. ಮುಚ್ಚಿದ ಸಂಪಿನೊಳಗೆ ಹಸಿ ಮರದ ಸೆಂಟ್ರಿಂಗ್ ವಾರಗಟ್ಟಲೆ ಕೊಳೆಯುವಾಗ ಒಳಗಿನ ಆಮ್ಲಜನಕ ಖಾಲಿಯಾಗುತ್ತದೆ. ಬಿಚ್ಚಲು ಇಳಿದವನು ಕೂಗದೆ ಕುಸಿಯುತ್ತಾನೆ. ಅವನನ್ನು ಎತ್ತಲು ಇಳಿದ ಎರಡನೆಯವನೂ ಬೀಳುತ್ತಾನೆ. ಮುಚ್ಚಳ ಹಿಂದಿನ ದಿನವೇ ತೆಗೆದು, ಒಳಗೆ ಜೋರಾಗಿ ಗಾಳಿ ಊದಿಸಿ. ಇಳಿಯುವವರ ಸೊಂಟಕ್ಕೆ ಹಗ್ಗ, ಹಗ್ಗದ ತುದಿ ಹಿಡಿದು ಮೇಲೆ ಇಬ್ಬರು. ದೀಪ ಇಳಿಸಿ ಉರಿಯುತ್ತಿದೆ ಅಂತ ನಂಬಿ ಇಳಿಯಬೇಡಿ. ದೀಪ ಆರದಿದ್ದರೂ ವಿಷಗಾಳಿ ಇರಬಹುದು.

ಉಳಿದ ಗಾರೆ, ಕಲ್ಲು ಚೂರನ್ನು ಹಳ್ಳಕ್ಕೋ ತುಂಗೆಯ ದಡಕ್ಕೋ ಸುರಿಯಬೇಡಿ, ಕಟ್ಟಡದ ತ್ಯಾಜ್ಯಕ್ಕೆ 2016ರಿಂದ ಬೇರೆಯೇ ನಿಯಮವಿದೆ. ಪಾಯದೊಳಗಿನ ಭರ್ತಿಗೆ, ಅಂಗಳದ ದಾರಿಗೆ ಅದೇ ಬಳಕೆಯಾಗುತ್ತದೆ. ಚೀಲ, ಪ್ಲಾಸ್ಟಿಕ್ ಸುಡಿಸದೆ ಗುಜರಿಯವರಿಗೆ ಕೊಡಿ.

ಕೊನೆಗೆ, ನಿಮ್ಮ ಕೆಲಸದವರು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಿದ್ದಾರಾ ಕೇಳಿ. 18 ರಿಂದ 60 ವರ್ಷದೊಳಗಿನವರು, ಹಿಂದಿನ 12 ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ್ದರೆ ಮಾಡಿಸಬಹುದು. ಅಪಘಾತವಾದರೆ, ಆಸ್ಪತ್ರೆ ಖರ್ಚು ಬಂದರೆ ಮಂಡಳಿಯಿಂದ ನೆರವು ಸಿಗುತ್ತದೆ. ಅದಕ್ಕೆ ಕೆಲಸ ಮಾಡಿದ ದೃಢೀಕರಣ ಬೇಕು, ಮಾಲೀಕರೋ ಗುತ್ತಿಗೆದಾರರೋ ಬರೆದುಕೊಡಬಹುದು. ಸಹಿ ಹಾಕಿದರೆ ನಮ್ಮ ತಲೆಗೆ ಬರುತ್ತದೇನೋ ಅಂತ ಹೆದರಿ ಮಾಲೀಕರು ಸುಮ್ನೆ ಸತಾಯಿಸುವುದುಂಟು. ನಿಮ್ಮಲ್ಲಿ ನಿಜವಾಗಿ ಕೆಲಸ ಮಾಡಿದ ದಿನಗಳನ್ನು ಬಟವಾಡೆ ಪುಸ್ತಕ ನೋಡಿ ತುಂಬಿ ಸಹಿ ಮಾಡಿಕೊಡಿ. ಮೊಳೆ ಚುಚ್ಚಿದ ಆ ಹೆಣ್ಣುಮಗಳ ಹೆಸರು ಮಂಡಳಿಯಲ್ಲಿ ಇಲ್ಲದಿದ್ದರೆ ಅವರದ್ದೇ ಅರ್ಜಿ ಮೊದಲು ತುಂಬಿಸಿ.